ಕಿವಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ

ಮಂಡ್ಯ, ಮೈಸೂರಿನ ಮೈದಾನಗಳಲ್ಲಿ 26 ವರ್ಷ ಕ್ರಿಕೆಟ್ ಅಂಪೈರ್ ಆಗಿ ನಿಂತವನು ನಾನು. ಬೆಳಿಗ್ಗೆ 9.30ರಿಂದ ಸಂಜೆವರೆಗೆ ಬಿಸಿಲಲ್ಲೇ ಇರುತ್ತಿದ್ದೆ. ತಲೆಗೆ ಹಣೆಯನ್ನಷ್ಟೇ ಮುಚ್ಚುವ ಕ್ಯಾಪು. ಕಿವಿ, ಕತ್ತು ಬಯಲಿಗೆ ಬಿಟ್ಟ ಹಾಗೆಯೇ.

ಹೋದ ದೀಪಾವಳಿಯ ಎಣ್ಣೆಸ್ನಾನದ ದಿನ ನನ್ನ ಹೆಂಡತಿ ತಲೆಗೆ ಎಣ್ಣೆ ಉಜ್ಜುತ್ತಾ, "ರೀ, ಕಿವಿ ಮೇಲೆ ಇದೇನ್ರೀ ಇಷ್ಟು ಒರಟು?" ಅಂದಳು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಬೆರಳಿಟ್ಟರೆ ಸ್ಯಾಂಡ್ ಪೇಪರ್ ಥರ. ಚರ್ಮದ ಡಾಕ್ಟರು ಅದನ್ನು ಆಕ್ಟಿನಿಕ್ ಕೆರಟೋಸಿಸ್ ಎಂದರು, ಅಂದರೆ ವರ್ಷಗಟ್ಟಲೆ ಬಿಸಿಲು ಬಿದ್ದು ಚರ್ಮದ ಮೇಲೆ ಏಳುವ ಒರಟು. ಅದು ಕ್ಯಾನ್ಸರ್ ಅಲ್ಲ. ಆದರೆ ಇಂಥವುಗಳಲ್ಲಿ ಕೆಲವು ಮುಂದೆ ಚರ್ಮದ ಕ್ಯಾನ್ಸರ್ ಆಗುತ್ತವೆ. ಯಾವುದು ಆಗುತ್ತದೆ ಅಂತ ಮೊದಲೇ ಹೇಳೋಕಾಗಲ್ಲ, ಅದಕ್ಕೇ ತೆಗೆಸಬೇಕು.

ನಮ್ಮ ಕಂದು ಚರ್ಮದಲ್ಲಿ ಬಿಸಿಲಿನಿಂದ ಕಾಯುವ ಮೆಲನಿನ್ ಅನ್ನುವ ಬಣ್ಣ ಜಾಸ್ತಿ, ಹಾಗಾಗಿ ಬಿಳಿಯರಿಗಿಂತ ನಮ್ಮಲ್ಲಿ ಇದು ತುಂಬಾ ಕಡಿಮೆ. ಕಡಿಮೆ ಅಂದರೆ ಬರುವುದೇ ಇಲ್ಲ ಅಂತಲ್ಲ, ಅಲ್ವಾ? ಬೆಳ್ಳಗಿರುವವರು, ತಲೆ ಬೋಳಾದವರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು. ಹುಟ್ಟಿನಿಂದಲೇ ಮೈಗೂ ಕೂದಲಿಗೂ ಬಣ್ಣ ಇಲ್ಲದವರಂತೂ ಎಲ್ಲರಿಗಿಂತ ಹೆಚ್ಚು.

ತಿಂಗಳಿಗೊಮ್ಮೆ ಸ್ನಾನ ಆದಮೇಲೆ ಚರ್ಮ ಒಣಗಿರುವಾಗ ಬೆಳಕಿಗೆ ಬಂದು ಕೂತುಕೊಳ್ಳಿ. ಹಣೆ, ಮೂಗು, ಕಿವಿಯ ಮೇಲಂಚು, ಕತ್ತಿನ ಹಿಂಭಾಗ, ಅಂಗೈ ಹಿಂಬದಿ ಎಲ್ಲದರ ಮೇಲೆ ಬೆರಳ ತುದಿಯನ್ನು ನಿಧಾನಕ್ಕೆ ಆಡಿಸಿ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಸಿಗುತ್ತದೆ. ನೆತ್ತಿಯನ್ನು ಮನೆಯವರು ನೋಡಲಿ. ಕಟಿಂಗ್ ಶಾಪಿನಲ್ಲೂ ಒಂದು ಮಾತು ಹೇಳಿಡಿ. ಕೆಳತುಟಿಯನ್ನು ಮರೆಯಬೇಡಿ: ಎಷ್ಟು ವ್ಯಾಸಲಿನ್ ಹಚ್ಚಿದರೂ ಹೊಟ್ಟು ಏಳುವುದು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಒರಟು ಸಿಕ್ಕರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಬೆಳೆಯುತ್ತಿದೆಯಾ ಅಂತ ಗೊತ್ತಾಗುತ್ತದೆ. ಉಗುರಿನಿಂದ ಕೆರೆಯಬೇಡಿ. ನಾನು ಕೆರೆದಿದ್ದೆ, ಉದುರಿತು, ಮತ್ತೆ ಅದೇ ಜಾಗದಲ್ಲಿ ಬಂತು. ಹಾಗೆ ವಾಪಸ್ ಬರುವುದೇ ಒಂದು ಗುರುತು. ಸುಣ್ಣ, ನರುಳ್ಳೆ ಸುಡುವ ಆ್ಯಸಿಡ್ ಹಚ್ಚಲೇಬೇಡಿ. ದಪ್ಪವಾದರೆ, ನೋವು ಬಂದರೆ, ರಕ್ತ ಜಿನುಗಿದರೆ, ವಾಸಿಯಾಗದ ಹುಣ್ಣಾದರೆ ಅದೇ ವಾರ ಹೋಗಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಚರ್ಮ ವಿಭಾಗ ಇದೆ.

ನನಗೆ ಆ ಒರಟನ್ನು ಹೆಪ್ಪುಗಟ್ಟಿಸಿ ಉದುರಿಸಲು ವಿಪರೀತ ತಣ್ಣಗಿರುವ ದ್ರವ ಸಾರಜನಕ (ಲಿಕ್ವಿಡ್ ನೈಟ್ರೋಜನ್) ಸಿಂಪಡಿಸಿದರು. ಕೆಲವೇ ಸೆಕೆಂಡು, ಚುರ್ ಅಂತ ಉರಿ. ಆಮೇಲೆ ಗುಳ್ಳೆ ಎದ್ದು, ಹಕ್ಕಳೆಗಟ್ಟಿ ಉದುರಿತು. ಒಂದು ಬಿಳಿ ಕಲೆ ಉಳಿದಿದೆ. ನಮ್ಮ ಬಣ್ಣದವರಿಗೆ ಹೀಗಾಗುವುದುಂಟು, ಗಾಬರಿ ಬೇಡ.

ಈಗ ನನ್ನ ಟೋಪಿಗೆ ಸುತ್ತಲೂ ಅಗಲವಾದ ಅಂಚಿದೆ. ಅಂಗಿಗೆ ಉದ್ದ ತೋಳು. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ಹಿಂಡಿ, ಟಾಸ್‌ಗೆ 20 ನಿಮಿಷ ಮೊದಲೇ ಮುಖಕ್ಕೆ, ಕತ್ತಿಗೆ ಹಚ್ಚುತ್ತೇನೆ. ಕಿವಿಗೆ ಬೇರೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೋಡ ಇದ್ದರೂ ಬಿಡುವುದಿಲ್ಲ, ಬಿಸಿಲಿನಲ್ಲಿ ಚರ್ಮಕ್ಕೆ ಹಾನಿ ಮಾಡುವ ಯುವಿ ಕಿರಣ ಮೋಡ ದಾಟಿ ಬರುತ್ತದೆ. ಸೈಕಲ್ ಹೊಡೆಯುವವರು, ಚಾಮುಂಡಿ ಬೆಟ್ಟ ಹತ್ತುವವರು ಬೆಳಿಗ್ಗೆ ಬೇಗ ಮುಗಿಸಿಕೊಳ್ಳಬಹುದು. ಕ್ರಿಕೆಟ್‌ನಲ್ಲಿ ಅದು ಆಗಲ್ಲ. ಅದಕ್ಕೇ ಡ್ರಿಂಕ್ಸ್ ಬಂದಾಗ ನಾನು ಜೇಬಿನಿಂದ ಟ್ಯೂಬ್ ತೆಗೆದು ಮೊದಲು ಫೀಲ್ಡಿಂಗ್ ಹುಡುಗರ ಕೈಗೆ ಕೊಡುತ್ತೇನೆ: "ಕಿವಿಗೂ ಹಚ್ಕೊಳ್ರಪ್ಪ."