ಮಲೆನಾಡಿನ ಚಳಿಯಲ್ಲಿ ಓಡುವವರು ಏನು ಹಾಕಿಕೊಳ್ಳಬೇಕು?

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ಬೆಳಿಗ್ಗೆ ಹೊಸ ಮುಖಗಳು ಕಾಣಿಸುತ್ತವೆ. ಮೈಮೇಲೆ ಸ್ವೆಟರ್, ಅದರ ಮೇಲೆ ಜರ್ಕಿನ್, ತಲೆಗೆ ಮಂಕಿ ಕ್ಯಾಪ್. ಎರಡು ಸುತ್ತು ಮುಗಿಯುವಷ್ಟರಲ್ಲಿ ಜರ್ಕಿನ್ ಸೊಂಟಕ್ಕೆ ಬಂದಿರುತ್ತದೆ. ಇನ್ನೆರಡು ಸುತ್ತಿಗೆ ಸ್ವೆಟರ್ ಒಳಗೆಲ್ಲ ಒದ್ದೆ. ಆಮೇಲೆ ಅದೇ ಒದ್ದೆ ಬಟ್ಟೆಯಲ್ಲಿ ಬೈಕ್ ಹತ್ತಿ, ಎದೆಗೆ ಗಾಳಿ ಹೊಡೆಸಿಕೊಂಡು, ಹಲ್ಲು ಕಟಕಟ ಅನ್ನಿಸುತ್ತಾ ಮನೆ ಸೇರುತ್ತಾರೆ. ಒಂದು ವಾರಕ್ಕೆ "ಚಳಿಗೆ ಓಡೋದು ನಮ್ಮ ಕೈಲಾಗಲ್ಲ" ಅಂತ ಬಿಟ್ಟೇಬಿಡುತ್ತಾರೆ. ಇದನ್ನು ನೋಡಿದಾಗೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ವರ್ಷದಲ್ಲಿ ಓಡಲು ಇಷ್ಟು ಒಳ್ಳೆಯ ಹವೆ ನಮಗೆ ಬೇರೆ ಯಾವಾಗಲೂ ಸಿಗುವುದಿಲ್ಲ.

ನಮ್ಮ ಕಡೆ ಚಳಿ ಎಷ್ಟಿರುತ್ತದೆ ನೋಡಿ. ಶಿವಮೊಗ್ಗ ಪೇಟೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 13ರಿಂದ 16 ಡಿಗ್ರಿ ಆಸುಪಾಸು. ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ತೋಟದ ಮಧ್ಯೆ, ಹಳ್ಳದ ಪಕ್ಕ ಇನ್ನೂ ಜಾಸ್ತಿ ಚಳಿ. ಅದೇ ಊರಲ್ಲಿ ಮಧ್ಯಾಹ್ನ 30 ಡಿಗ್ರಿ ಬಿಸಿಲು! ಅಂದರೆ ಇದು ಮೈ ಹೆಪ್ಪುಗಟ್ಟಿಸುವ ಚಳಿ ಅಲ್ಲ. ಇಲ್ಲಿ ನಿಜವಾಗಿ ಕಾಟ ಕೊಡುವುದು ತೇವ. ಹೊರಗಿನಿಂದ ಇಬ್ಬನಿ, ಮಂಜು. ಒಳಗಿನಿಂದ ಬೆವರು. ಮೈಯನ್ನು ಒಣಗಿಸಿಟ್ಟುಕೊಂಡರೆ ಚಳಿಯ ಮುಕ್ಕಾಲು ಪಾಲು ಸಮಸ್ಯೆ ಅಲ್ಲಿಗೇ ಮುಗಿಯಿತು.

ಓಡುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಮಾತ್ರ ಓಟಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಶಾಖ. ಹಾಗಾಗಿ ಹತ್ತು ನಿಮಿಷ ಕಳೆದ ಮೇಲೆ ಮೈಗೆ ಹವೆ ಬೇರೆಯೇ ಅನಿಸುತ್ತದೆ. ಹೊರಗೆ 14 ಡಿಗ್ರಿ ಇದ್ದರೆ 20, 22 ಡಿಗ್ರಿಯಲ್ಲಿ ಸುಮ್ನೆ ನಡೆದಾಡುವಾಗ ಏನು ಹಾಕುತ್ತೀರೋ ಅಷ್ಟೇ ಹಾಕಿ. ಮನೆ ಬಾಗಿಲು ದಾಟಿದಾಗ ಸ್ವಲ್ಪ ನಡುಕ ಬರಬೇಕು. ಅಂಗಳದಲ್ಲಿ ನಿಂತಾಗಲೇ ಬೆಚ್ಚಗಿದ್ದರೆ ಒಂದು ಬಟ್ಟೆ ಜಾಸ್ತಿಯಾಗಿದೆ ಅಂತ ಅರ್ಥ, ಅದನ್ನು ಅಲ್ಲೇ ತೆಗೆದಿಟ್ಟು ಹೋಗಿ. ಆ ಮೊದಲ ಹತ್ತು ನಿಮಿಷ ತಡೆಯಲು ಆಗುವುದೇ ಇಲ್ಲ ಅನ್ನುವವರು ಮನೆಯೊಳಗೇ ಸ್ವಲ್ಪ ಕುಣಿದು, ಮಂಡಿ ಎತ್ತಿ ಎತ್ತಿ ನಡೆದು, ಮೈ ಬಿಸಿ ಮಾಡಿಕೊಂಡು ಹೊರಡಿ.

ಮೇಲಿನ ಬಟ್ಟೆಯ ವಿಷಯಕ್ಕೆ ಬರೋಣ. ಹತ್ತಿಯದು ಬೇಡ. ನಮಗೆಲ್ಲ ಹತ್ತಿ ಬನಿಯನ್ ಮೇಲೆ ಪ್ರೀತಿ, ಬೇಸಿಗೆಯಲ್ಲಿ ಮನೆಯಲ್ಲಿ ಕೂರಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ಓಟಕ್ಕೆ ಅದು ಆಗುವುದಿಲ್ಲ. ಹತ್ತಿ ಬೆವರನ್ನು ಕುಡಿದು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಬೆನ್ನಿಗೆ ಅಂಟುತ್ತದೆ, ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಅಂಟಿಕೊಂಡ ಒದ್ದೆ ಬನಿಯನ್ ಮಾಡುವ ಕೆಲಸ ಇದೇ. ಒಳಗೆ ಹತ್ತಿ ಬನಿಯನ್, ಮೇಲೆ ದುಬಾರಿ ಡ್ರೈ ಫಿಟ್ ಟೀ ಶರ್ಟ್ ಹಾಕಿದರೂ ಪ್ರಯೋಜನವಿಲ್ಲ, ಮೈಗೆ ತಾಗುವ ಬಟ್ಟೆಯೇ ಮುಖ್ಯ. ತೆಳು ಪಾಲಿಯೆಸ್ಟರ್ ತಗೊಳ್ಳಿ.

ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಅಂಗಡಿಗೆ ಹೋದಾಗ ಬ್ರ್ಯಾಂಡಿನ ಹೆಸರಿಗಿಂತ ಬಟ್ಟೆಯನ್ನು ನೋಡಿ. ಟೀ ಶರ್ಟನ್ನು ಒಳಮೈ ಹೊರಗೆ ಮಾಡಿ, ಅಂಗಡಿಯವರನ್ನು ಕೇಳಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ತಕ್ಷಣ ಅಗಲಕ್ಕೆ ಹರಡಿಕೊಂಡು ತೆಳುವಾದರೆ ಅದು ಬೆವರನ್ನು ಎಳೆದು ಆರಿಸುವ ಬಟ್ಟೆ. ಹನಿ ಮಣಿಯ ಹಾಗೆ ಉರುಳಿದರೆ ಬೆವರು ನಿಮ್ಮ ಮೈಮೇಲೇ ನಿಲ್ಲುತ್ತದೆ. ಒಂದೇ ಕಡೆ ಇಂಗಿ ದಪ್ಪಗೆ ಕೂತರೆ ಅದರಲ್ಲಿ ಹತ್ತಿ ಜಾಸ್ತಿ ಇದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಸುಮಾರು 16 ಡಿಗ್ರಿವರೆಗೆ ಅರ್ಧ ತೋಳಿನ ಟೀ ಶರ್ಟ್, ಚಡ್ಡಿ ಸಾಕು. ಅದಕ್ಕಿಂತ ಕೆಳಗೆ ತುಂಬು ತೋಳಿನ ತೆಳು ಟೀ ಶರ್ಟ್. 12ಕ್ಕಿಂತ ಕೆಳಗೆ ಇಳಿದ ದಿನ ಒಳಗೊಂದು ತೋಳಿಲ್ಲದ ಪಾಲಿಯೆಸ್ಟರ್ ಬನಿಯನ್, ಮೇಲೆ ತುಂಬು ತೋಳು, ಕಾಲಿಗೆ ಟೈಟ್ಸ್. ಇಷ್ಟರ ಮೇಲೆ ಮಲೆನಾಡಿನ ಓಟಕ್ಕೆ ಇನ್ನೊಂದು ಪದರ ಬೇಕಾಗುವುದು ಅಪರೂಪ. ತೆಳ್ಳಗಿರುವವರಿಗೆ, ನಿಧಾನ ಓಡುವವರಿಗೆ, ವಯಸ್ಸಾದವರಿಗೆ ಚಳಿ ಜಾಸ್ತಿ ಹಿಡಿಯುತ್ತದೆ, ಅವರು ಈ ಲೆಕ್ಕವನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ಸರಿಸಿಕೊಳ್ಳಲಿ. ಹೃದಯದ ತೊಂದರೆ, ಬಿಪಿ ಇರುವವರು ಚಳಿಗೆ ರಕ್ತನಾಳ ಬಿಗಿಯುತ್ತದೆ ಅನ್ನುವುದನ್ನು ಮರೆಯದೆ, ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ, ಬಿಸಿಲು ಬಂದ ಮೇಲೆ ಓಡುವುದೇ ಒಳ್ಳೆಯದು.

ಒಂದೇ ಒಂದು ವಸ್ತು ಹೊಸದಾಗಿ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ತೋಳಿನ ಸ್ಲೀವ್. ಬೈಕ್ ಓಡಿಸುವವರು ಬಿಸಿಲಿಗೆ ಹಾಕುತ್ತಾರಲ್ಲ, ರಸ್ತೆ ಬದಿ ಕಡಿಮೆ ಬೆಲೆಗೆ ಮಾರುತ್ತಾರಲ್ಲ, ಅದೇ. ಅರ್ಧ ತೋಳಿನ ಟೀ ಶರ್ಟಿಗೆ ಅದನ್ನು ಸೇರಿಸಿದರೆ ತುಂಬು ತೋಳಾಯಿತು. ಮೈ ಬಿಸಿಯಾದಾಗ ಓಡುತ್ತಲೇ ಮಣಿಕಟ್ಟಿಗೆ ಇಳಿಸಿಕೊಳ್ಳಬಹುದು. ತುಂಗಾ ಸೇತುವೆ ಮೇಲೆ ಹೊಳೆಯ ಗಾಳಿ ಬೀಸಿದಾಗ ಮತ್ತೆ ಏರಿಸಬಹುದು. ಜರ್ಕಿನ್ ಹೊತ್ತುಕೊಂಡು ಓಡುವ ಕಷ್ಟವೇ ಇಲ್ಲ.

ವಿಂಡ್‌ಚೀಟರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಗಾಜನೂರು ಅಣೆಕಟ್ಟೆಯ ಹತ್ತಿರದಂಥ ಬಯಲು ಜಾಗಗಳಲ್ಲಿ, ನೀರಿನ ಮೇಲಿಂದ ಗಾಳಿ ನೇರ ಎದೆಗೆ ಹೊಡೆಯುವ ಕಡೆ, ತೆಳ್ಳನೆಯದು ಒಂದು ಇದ್ದರೆ ಒಳ್ಳೆಯದು. ಆದರೆ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಸ್ವಲ್ಪವಾದರೂ ಗಾಳಿ ಆಚೆ ಹೋಗಬೇಕು. ಒಂಚೂರೂ ಹೋಗದಿದ್ದರೆ ಅದು ಮಳೆಗಾಲದ ರೇನ್‌ಕೋಟಿನ ಜಾತಿ, ಹೊರಗಿನ ಮಂಜನ್ನು ತಡೆದು ಒಳಗೆ ನಿಮ್ಮ ಬೆವರಿನಿಂದಲೇ ನಿಮ್ಮನ್ನು ನೆನೆಸುತ್ತದೆ. ಅದರಲ್ಲೂ ಮಂಜು ದಟ್ಟವಾಗಿರುವ ಬೆಳಿಗ್ಗೆ ಗಾಳಿಯಲ್ಲೇ ತೇವ ತುಂಬಿರುತ್ತದೆ, ಬೆವರು ಆರುವುದೇ ಕಷ್ಟ. ಅಂಥ ದಿನ ಬಟ್ಟೆ ಇನ್ನೂ ಕಡಿಮೆ ಇರಲಿ, ಜಾಸ್ತಿ ಅಲ್ಲ. ಜಿಪ್ ಇರುವ ವಿಂಡ್‌ಚೀಟರ್ ತಗೊಂಡರೆ ಬೇಕಾದಾಗ ತೆರೆದುಕೊಳ್ಳಬಹುದು, ತಲೆ ಮೇಲಿಂದ ಹಾಕುವಂಥದ್ದರಲ್ಲಿ ಆ ಅನುಕೂಲ ಇಲ್ಲ.

ಉಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಹಿರಿಯರು ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದರಲ್ಲ, ಅದಕ್ಕೆ ಕಾರಣವಿದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ, ಬೆಚ್ಚಗೇ ಇರುತ್ತದೆ. ಓಟಕ್ಕೆ ಕಂಬಳಿ ಆಗುವುದಿಲ್ಲ, ಸರಿ. ಆದರೆ ಮೆರಿನೊ ಅನ್ನುವ ನವಿರಾದ ಉಣ್ಣೆಯ ತೆಳು ಟೀ ಶರ್ಟ್, ಕಾಲುಚೀಲ ಸಿಗುತ್ತವೆ. ದುಬಾರಿ. ಜನವರಿಯಲ್ಲಿ ದೆಹಲಿಗೋ, ಹಿಮಾಚಲದ ಕಡೆಗೋ ಓಡಲು ಹೋಗುವವರಿಗೆ ಆ ದುಡ್ಡು ಸಾರ್ಥಕ. ಅಲ್ಲಿ ಬೆವರು ಎಳೆಯುವ ಪದರ, ಬೆಚ್ಚಗಿಡುವ ಪದರ, ಗಾಳಿ ತಡೆಯುವ ಪದರ ಮೂರೂ ಬೇಕಾಗಬಹುದು. ಇಲ್ಲಿ ಬೇಕಿಲ್ಲ. ಅಂಗಡಿಗಳಲ್ಲಿ ಸಿಗುವ ಅಗ್ಗದ ಸ್ವೆಟರ್ ಬಹಳಷ್ಟು ಅಕ್ರಿಲಿಕ್, ಅದನ್ನು ಉಣ್ಣೆ ಅಂತ ತಿಳಿಯಬೇಡಿ.

ಕಿವಿ ಮತ್ತು ಬೆರಳು. ಇವೆರಡಕ್ಕೆ ಚಳಿ ಬೇಗ ಹತ್ತುತ್ತದೆ, ಇವೆರಡು ಬೆಚ್ಚಗಿದ್ದರೆ ಉಳಿದ ಮೈ ಹೇಗೋ ಹೊಂದಿಕೊಳ್ಳುತ್ತದೆ. ಮಂಕಿ ಕ್ಯಾಪ್ ಬೇಡ, ನೆತ್ತಿ ಬೆವರಿ ಇಳಿಯುತ್ತದೆ. ಅಗಲದ ಹೆಡ್‌ಬ್ಯಾಂಡ್ ಅಥವಾ ಬಫ್ (ತಲೆಗೂ ಕುತ್ತಿಗೆಗೂ ಹಾಕಬಹುದಾದ ಕೊಳವೆಯಂಥ ತೆಳು ಬಟ್ಟೆ) ಸಾಕು. ಬಫ್ ಇದ್ದರೆ ಚಳಿ ಗಾಳಿಗೆ ಕೆಮ್ಮು, ಉಬ್ಬಸ ಬರುವವರು ಮೊದಲ ಹದಿನೈದು ನಿಮಿಷ ಅದನ್ನು ಮೂಗಿನ ಮೇಲೆ ಎಳೆದುಕೊಳ್ಳಬಹುದು, ಉಸಿರು ಸ್ವಲ್ಪ ಬೆಚ್ಚಗಾಗಿ ಒಳಗೆ ಹೋಗುತ್ತದೆ. ಬೆರಳಿಗೆ ತೆಳು ಗ್ಲೌಸ್. ಇಲ್ಲದಿದ್ದರೆ ಹಳೆ ಕಾಲುಚೀಲವನ್ನೇ ಕೈಗೆ ಹಾಕಿಕೊಳ್ಳಿ, ಬಿಸಿಯಾದ ಮೇಲೆ ಜೇಬಿಗೆ ತುರುಕಿದರಾಯಿತು.

ಬಣ್ಣದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಕಪ್ಪು, ಗಾಢ ನೀಲಿ ಬೇಡವೇ ಬೇಡ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹತ್ತಿರ. ಐದೂವರೆಗೆ ಸಾಗರ ರಸ್ತೆಯಲ್ಲೋ ತೀರ್ಥಹಳ್ಳಿ ರಸ್ತೆಯಲ್ಲೋ ಓಡುವವರು ಪೂರ್ತಿ ಕತ್ತಲಲ್ಲಿ ಇರುತ್ತಾರೆ, ಮೇಲಿಂದ ಮಂಜು, ಲಾರಿ ಬಸ್ಸು ಬೇರೆ. ತಿಳಿ ಹಳದಿ, ಕಿತ್ತಳೆ ಟೀ ಶರ್ಟ್ ಹಾಕಿ, ಅದರ ಮೇಲೆ ರಿಫ್ಲೆಕ್ಟರ್ ಪಟ್ಟಿ. ಪಟ್ಟಿಯನ್ನು ಎದೆಗಷ್ಟೇ ಅಲ್ಲ, ಕಣಕಾಲಿಗೂ ಕಟ್ಟಿ. ಮೇಲೆ ಕೆಳಗೆ ಆಡುವ ಬೆಳಕು ಡ್ರೈವರ್ ಕಣ್ಣಿಗೆ ಮನುಷ್ಯ ಅಂತ ಬೇಗ ಗೊತ್ತಾಗುತ್ತದೆ. ಟಾರ್ಚನ್ನು ಮಂಜಿನಲ್ಲಿ ಹಣೆಗೆ ಕಟ್ಟಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ, ಎದುರು ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಕೈಯಲ್ಲಿ ಹಿಡಿಯಿರಿ ಅಥವಾ ಸೊಂಟಕ್ಕೆ ಕಟ್ಟಿಕೊಳ್ಳಿ. ಎದುರಿನಿಂದ ವಾಹನ ಬರುವ ಬದಿಯಲ್ಲೇ ಓಡಿ.

ಈಗ ಪೇಟೆ ಬಿಟ್ಟು ಕಾಡಂಚಿನ ದಾರಿಯಲ್ಲಿ ಓಡುವವರಿಗೆ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮರಿ ಉಣುಗು ಜಾಸ್ತಿಯಾಗುವುದು ಮಳೆಗಾಲ ಮುಗಿದ ಮೇಲೆ. ಕಾಯಿಲೆಯ ಕಾಲ ಶುರುವಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ, ಬೇಸಿಗೆಯವರೆಗೂ ಇರುತ್ತದೆ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹರಡಿ ಹಲವರು ತೀರಿಕೊಂಡಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಅಂದರೆ ನಾವು ಖುಷಿಯಾಗಿ ಓಡುವ ಕಾಲವೂ ಉಣುಗಿನ ಕಾಲವೂ ಒಂದೇ. ಹಾಗಾಗಿ ಕಾಡಂಚಿನಲ್ಲಿ ಬಟ್ಟೆಯ ಲೆಕ್ಕವೇ ಬೇರೆ. ಎಷ್ಟೇ ಸೆಕೆ ಅನಿಸಿದರೂ ಅಲ್ಲಿ ಚಡ್ಡಿ ಹಾಕಬೇಡಿ.

ಮೈಗೆ ಅಂಟುವ ಟೈಟ್ಸ್ ಅಥವಾ ತುದಿಯಲ್ಲಿ ಇಲಾಸ್ಟಿಕ್ ಇರುವ ಟ್ರ್ಯಾಕ್ ಪ್ಯಾಂಟ್. ಕಾಲುಚೀಲ ಉದ್ದದ್ದು, ಅದನ್ನು ಪ್ಯಾಂಟಿನ ಮೇಲಕ್ಕೆ ಎಳೆಯಿರಿ, ಒಳಗೆ ಅಲ್ಲ. ಟೀ ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿ. ಉಣುಗು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಎಲ್ಲೂ ಮೈ ಸಿಗದೆ ಬಟ್ಟೆಯ ಮೇಲೇ ಹತ್ತಿಕೊಂಡು ಹೋಗಬೇಕು, ಅಷ್ಟರಲ್ಲಿ ನಮ್ಮ ಕಣ್ಣಿಗೆ ಬೀಳಬೇಕು. ಅದಕ್ಕೇ ಬಟ್ಟೆ ತಿಳಿ ಬಣ್ಣದ್ದಾಗಿರಲಿ. ಮರಿ ಉಣುಗು ತೀರಾ ಸಣ್ಣದು, ಕಪ್ಪು ಪ್ಯಾಂಟಿನ ಮೇಲೆ ಕಾಣುವುದೇ ಇಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಸಿಕ್ಕರೆ ಅವರು ಹೇಳಿದ ಹಾಗೆ ಹಚ್ಚಿಕೊಂಡು ಹೋಗಿ. ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂತು ಶೂ ಲೇಸ್ ಕಟ್ಟಬೇಡಿ, ಸ್ಟ್ರೆಚಿಂಗ್ ಮಾಡಬೇಡಿ. ಮನೆಗೆ ಬಂದ ಕೂಡಲೇ ಆ ಬಟ್ಟೆ ಬಿಸಿ ನೀರಿಗೆ ಹೋಗಲಿ, ನೀವು ಸ್ನಾನಕ್ಕೆ ಹೋಗಿ. ಕಂಕುಳು, ತೊಡೆ ಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ, ಪ್ಯಾಂಟಿನ ಇಲಾಸ್ಟಿಕ್ ಕೂರುವ ಜಾಗ ಎಲ್ಲ ಸರಿಯಾಗಿ ನೋಡಿಕೊಳ್ಳಿ. ಮಂಗ ಸತ್ತಿದೆ ಅಂತ ಸುದ್ದಿ ಬಂದ ಕಡೆ ಓಡಲು ಹೋಗಲೇಬೇಡಿ. ಕಾಡಂಚಿನಲ್ಲಿ ಓಡಾಡಿದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾಡಿನ ಕಡೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ಓಟ ಮುಗಿದ ಮೇಲಿನ ಹದಿನೈದು ನಿಮಿಷ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೈ ಶಾಖ ಹುಟ್ಟಿಸುವುದನ್ನು ಕಡಿಮೆ ಮಾಡಿರುತ್ತದೆ, ಬೆವರು ಮಾತ್ರ ಇನ್ನೂ ಆರುತ್ತಲೇ ಇರುತ್ತದೆ. ಒಂದು ಲೀಟರ್ ಬೆವರು ಆರಲು ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೋಗುತ್ತದೆ. ಅದರ ಜೊತೆ ಬೈಕಿನ ಗಾಳಿ ಸೇರಿದರೆ ನಡುಕ ಬಾರದೆ ಇನ್ನೇನು? ಸ್ವೆಟರ್, ಜರ್ಕಿನ್ ಬೇಕಾಗಿರುವುದು ಈಗ. ಬೈಕಿನ ಡಿಕ್ಕಿಯಲ್ಲಿ ಒಂದು ಟವೆಲ್, ಒಂದು ಒಣ ಟೀ ಶರ್ಟ್, ಜರ್ಕಿನ್ ಇಟ್ಟುಕೊಂಡೇ ಹೊರಡಿ. ಓಡಿ ಮುಗಿಸಿ, ಮಾತಿಗೆ ನಿಲ್ಲುವ ಮೊದಲೇ, ಬೆನ್ನು ಎದೆ ಒರೆಸಿಕೊಂಡು ಟೀ ಶರ್ಟ್ ಬದಲಿಸಿ. ಹೆಂಗಸರಿಗೆ ಇದು ಇನ್ನೂ ಮುಖ್ಯ, ಸ್ಪೋರ್ಟ್ಸ್ ಬ್ರಾ ಬಿಗಿಯಾಗಿ ದಪ್ಪಗಿರುವುದರಿಂದ ಎಲ್ಲಕ್ಕಿಂತ ಕೊನೆಗೆ ಆರುವುದು ಅದೇ. ಸ್ಟೇಡಿಯಂ ಹತ್ತಿರ ಬದಲಿಸಲು ಜಾಗವಿಲ್ಲದಿದ್ದರೆ ಮುಂದೆ ಜಿಪ್ ಇರುವ ದಪ್ಪ ಜರ್ಕಿನ್ ಹಾಕಿಕೊಂಡು ನೇರ ಮನೆಗೆ ಹೋಗಿ, ಕಾಫಿ ಅಲ್ಲೇ ಆಗಲಿ.

ಕಾಲಿನ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಐದು ನಿಮಿಷ ಓಡಿದರೆ ಶೂ ನೆನೆಯುತ್ತದೆ, ಹತ್ತಿಯ ಕಾಲುಚೀಲ ಇದ್ದರೆ ಬೊಬ್ಬೆ ಗ್ಯಾರಂಟಿ. ನೈಲಾನ್ ಅಥವಾ ಪಾಲಿಯೆಸ್ಟರ್ ಮಿಶ್ರಣದ್ದು ಹಾಕಿ. ತೊಡೆ ಸಂದು, ಕಂಕುಳಿಗೆ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿರುತ್ತದಲ್ಲ, ಹಾಗೇ ತೆಗೆದು ಹಚ್ಚಿಕೊಳ್ಳಿ, ಉಜ್ಜಿ ಉರಿಯುವುದಿಲ್ಲ.

ಒಗೆಯುವಾಗ ಈ ಬಟ್ಟೆಗಳಿಗೆ ಕಂಫರ್ಟ್ ತರಹದ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಎಳೆಯುವ ಗುಣವನ್ನೇ ಕೆಡಿಸುತ್ತದೆ. ಸಾಧಾರಣ ಸೋಪು ಸಾಕು. ಮಳೆಗಾಲದ ಹಾಗೆ ವಾಸನೆ ಬರಿಸಿಕೊಂಡು ಒಲೆಯ ಮೇಲೆ ಒಣಗಿಸುವ ಗೋಳು ಈಗ ಇಲ್ಲ, ಹತ್ತು ಗಂಟೆಯ ಬಿಸಿಲಿಗೆ ಹರವಿದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಶೂ ಒಳಗಿನ ಅಟ್ಟೆ ತೆಗೆದು ಬೇರೆ ಇಡಿ, ಒಳಗೆ ಹಳೆ ಪೇಪರ್ ತುರುಕಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ. ನೆರಳಲ್ಲಿ ಗಾಳಿಗಿಟ್ಟರೆ ಮರುದಿನ ಬೆಳಿಗ್ಗೆಗೆ ತಯಾರಾಗಿರುತ್ತದೆ.