ಮೂರು ವಾರದ ಕೂಸಿಗೆ ಯಾವ ಭಾಷೇಲಿ ಮಾತಾಡೋದು?

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಒಳಗೆ ಬರುವ ತಾಯಂದಿರಿಗೆ ನಾನು ಹೇಳುವುದು ಎರಡೇ: ಕೈ ತೊಳ್ಕೊಳ್ರಿ, ಕೂಸಿನ ಜೊತೆ ಮಾತಾಡ್ರಿ. ಕೈ ಎಲ್ಲರೂ ತೊಳೆಯುತ್ತಾರೆ. ಮಾತು ಅಂದಕೂಡಲೇ ಸೆರಗು ಬಾಯಿಗೆ ಹೋಗುತ್ತದೆ. ‘ಏನಂತ ಮಾತಾಡ್ಲ್ರೀ ಸಿಸ್ಟರ್, ಅದಕ್ಕೇನು ತಿಳಿತೈತೆ?’

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದಕ್ಕೊಂದು ಸುಲಭದ ದಾರಿ ಹುಡುಕಿದ್ದೆ. ಮೊಬೈಲಲ್ಲಿ ಜೋಗುಳ ಹಾಕಿ ಮೈ ಬೆಚ್ಚಗಿಡುವ ವಾರ್ಮರ್‌ನಲ್ಲಿದ್ದ ಕೂಸಿನ ತಲೆ ಹತ್ತಿರ ಇಟ್ಟೆ. ಎರಡು ನಿಮಿಷ ಆಗಿರಲಿಲ್ಲ, ಕೂಸಿನ ಐದೂ ಬೆರಳು ಬೀಸಣಿಗೆಯಂತೆ ಬಿಚ್ಚಿಕೊಂಡವು, ಹಣೆ ಸುಕ್ಕಾಯಿತು, ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇಕಡಾ 95ರಿಂದ 86ಕ್ಕೆ ಇಳಿಯಿತು. ಇಂಥ ವಾರ್ಡಿನ ಸದ್ದು 45 ಡೆಸಿಬಲ್ ದಾಟಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಮ್ಮ ಅಲಾರಮ್‌ಗಳೇ ಅದನ್ನು ದಾಟಿರುತ್ತವೆ, ಅದರ ಮೇಲೆ ನನ್ನ ಜೋಗುಳ ಬೇರೆ!

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಜಗಳೂರು ಕಡೆಯ ತಾಂಡಾದಿಂದ ಒಬ್ಬಾಕೆ ಬಂದಿದ್ದಳು. ಕೂಸು 30 ವಾರಕ್ಕೇ ಹುಟ್ಟಿತ್ತು, ತೂಕ 1,250 ಗ್ರಾಂ. ಮೂರು ವಾರ ಕಳೆದಿತ್ತು, ಎದೆಗೆ ಕಟ್ಟಿಕೊಂಡು ಕಾಂಗರೂ ಆರೈಕೆ ಮಾಡುತ್ತಿದ್ದಳು. ‘ಕನ್ನಡದಾಗೇ ಮಾತಾಡವ್ವ, ಮುಂದೆ ಶಾಲಿಗೆ ಅನುಕೂಲ ಆಗ್ತೈತೆ’ ಅಂದುಬಿಟ್ಟೆ. ಆಕೆ ಪಾಪ, ‘ಹಾಲು... ಕುಡಿ... ಮಲಗು’ ಅಂತ ಮೂರು ಪದ ಹೇಳಿ ಸುಮ್ಮನಾಗುತ್ತಿದ್ದಳು.

ನನ್ನನ್ನು ತಿದ್ದಿದವರು ರಾತ್ರಿ ಡ್ಯೂಟಿಯ ಡಾಕ್ಟರು. ಕಿವಿಯ ಒಳಭಾಗ 24-25 ವಾರದ ಹೊತ್ತಿಗೇ ಕೆಲಸ ಶುರು ಮಾಡಿರುತ್ತದೆ. ಹೊಟ್ಟೆಯೊಳಗೆ ಪದ ಬಿಡಿಬಿಡಿಯಾಗಿ ಕೇಳಿಸದಿದ್ದರೂ ಮಾತಿನ ಏರಿಳಿತ ತಲುಪುತ್ತದೆ ಅಂದರು. 1988ರಲ್ಲಿ ಫ್ರಾನ್ಸಿನ ಜಾಕ್ ಮೆಹ್ಲರ್ ಮತ್ತು ಸಂಗಡಿಗರು ನಾಲ್ಕು ದಿನದ ಕೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು ಫ್ರೆಂಚ್, ರಷ್ಯನ್ ಎರಡನ್ನೂ ಕೇಳಿಸಿದರಂತೆ. ಭಾಷೆ ಬದಲಾದದ್ದು ಕೂಸುಗಳಿಗೆ ತಿಳಿಯುತ್ತದೆ ಅನ್ನುವುದು ಚೀಪುವ ವೇಗದಲ್ಲೇ ಗೊತ್ತಾಯಿತು. 2013ರಲ್ಲಿ ಅದೇ ದೇಶದವರು 28ರಿಂದ 32 ವಾರಕ್ಕೆ ಹುಟ್ಟಿದ ಕೂಸುಗಳ ತಲೆಗೆ ಬೆಳಕಿನ ಸೆನ್ಸರ್ ಹಚ್ಚಿ ನೋಡಿದರೆ, ಮಿದುಳು ‘ಬ’ ಮತ್ತು ‘ಗ’ ಬೇರೆ ಅಂತ ಗುರುತಿಸುತ್ತಿತ್ತು. ಗಂಡು ದನಿ, ಹೆಣ್ಣು ದನಿಯನ್ನೂ! ‘ಆ ಕೂಸು ಹೊಟ್ಟೆಯೊಳಗೆ ಕೇಳಿದ್ದು ಲಂಬಾಣಿ. ನೀವು ಅದನ್ನ ಬಂದ್ ಮಾಡಿಸಿದ್ರಿ’ ಅಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಆಕೆಯ ಪಕ್ಕದಲ್ಲಿ ಕೂತು, ‘ನಿಮ್ಮ ಮನಿ ಮಾತು ಆಡವ್ವ, ನಾನು ತಪ್ಪು ಹೇಳಿದ್ದೆ’ ಅಂದೆ. ಮೊದಲು ನಕ್ಕಳು. ಆಮೇಲೆ ಕೂಸಿನ ನೆತ್ತಿಗೆ ಬಾಯಿ ತಾಗಿಸಿ ಶುರು ಮಾಡಿದಳು. ನನಗೆ ತಿಳಿದದ್ದು ‘ಯಾಡಿ’ ಒಂದೇ, ಅಂದರೆ ಅವ್ವ. ಆಕೆ ನಿಲ್ಲಿಸಿದಾಗ ಕೂಸು ‘ಙ್ಞಾ’ ಅಂತ ಇರುವೆಯಷ್ಟು ಸಣ್ಣ ಸದ್ದು ಮಾಡಿತು. ಹೆರಿಗೆ ದಿನಕ್ಕೆ ಎಂಟು ವಾರ ಮುಂಚಿನಿಂದಲೇ ಇಂಥ ಕೂಸುಗಳು ದನಿ ತೆಗೆಯುತ್ತವೆ, ತಂದೆ ತಾಯಿ ಹತ್ತಿರ ಇದ್ದಾಗ ಹೆಚ್ಚು.

ಈಗ ನಾನು ಮಾಡುವುದಿಷ್ಟು. ಅಲಾರಮ್ ಸದ್ದು ತಗ್ಗಿಸುತ್ತೇನೆ. ಒಂದು ಮಾತಾಡಿ ನಿಲ್ಲಿಸಿ, ಕೂಸಿನ ಮುಖ ನೋಡಿ ಅನ್ನುತ್ತೇನೆ. ಬೆರಳು ಬಿಚ್ಚಿದರೆ, ಆಕಳಿಸಿ ಮುಖ ತಿರುಗಿಸಿದರೆ, ಕೂಸು ‘ಸಾಕು’ ಅನ್ನುತ್ತಿದೆ ಅಂತ ಅರ್ಥ. ಏನು ಮಾತಾಡಬೇಕು ಅನ್ನುವುದನ್ನು ಮಾತ್ರ ಹೇಳಿಕೊಡುವುದಿಲ್ಲ.

ಅಪ್ಪಂದಿರದು ಇನ್ನೂ ಕಷ್ಟ. ಮೊನ್ನೆ ಹರಿಹರದ ಒಬ್ಬ ರೈತ ಹತ್ತು ನಿಮಿಷ ಕೈಕಟ್ಟಿ ನಿಂತ. ಕೊನೆಗೆ ಬಗ್ಗಿ, ‘ಈ ಸಲ ಮೆಕ್ಕೆಜೋಳದ ರೇಟ್ ಬಿದ್ದೋಗೈತಪ್ಪ, ಏನ್ ಮಾಡನ’ ಅಂದ. ಮಗ ಒಂದು ಕಣ್ಣು ಬಿಟ್ಟು ನೋಡಿದ.