ತಿರುಪು ಮುಟ್ಟದೆ ತೂಕ ಸರಿಪಡಿಸಿದ್ದು

ದಾವಣಗೆರೆಯ ಹೊರವಲಯದ ಒಂದು ರಾಗಿ ಹಿಟ್ಟಿನ ಗಿರಣಿಯಲ್ಲಿ ಗುಣಮಟ್ಟದ ಹೊಣೆ ನನ್ನದು. ಅರ್ಧ ಕೆಜಿ ಪೊಟ್ಟಣಗಳ ತೂಕ ಒಂದೇ ಸಮನೆ ಬರುತ್ತಿರಲಿಲ್ಲವಾದ್ದರಿಂದ, ಕಾನೂನು ಮಾಪನಶಾಸ್ತ್ರ ಇಲಾಖೆಯ ತಪಾಸಣೆಗೆ ಅಂಜಿ ಯಂತ್ರವನ್ನು 506 ಗ್ರಾಂಗೆ ಹೊಂದಿಸಿದ್ದೆವು. ದಿನಕ್ಕೆ 8,000 ಪೊಟ್ಟಣ ತುಂಬುವ ನಮಗೆ ಇದರಿಂದ 48 ಕೆಜಿ ಹಿಟ್ಟು ಪುಕ್ಕಟೆಯಾಗಿ ಹೋಗುತ್ತಿತ್ತು.

ಮೊದಲು ತಕ್ಕಡಿಯನ್ನೇ ಪರೀಕ್ಷಿಸಿದೆ. ಒಂದೇ ಪೊಟ್ಟಣವನ್ನು ಹತ್ತು ಸಲ ಇಟ್ಟು ತೂಗಿದಾಗ ಎರಡು ಗ್ರಾಂವರೆಗೆ ವ್ಯತ್ಯಾಸ ಕಂಡಿತು. ಮೇಲಿನ ಫ್ಯಾನ್ ಆರಿಸಿದ ಕೂಡಲೇ ಅಂಕಿ ನಿಂತಿತು. ತಕ್ಕಡಿಯನ್ನು ಗಾಳಿ ತಾಗದ ಮೂಲೆಗೆ ಸರಿಸಿದ ಮೇಲೆಯೇ ಮುಂದಿನ ಕೆಲಸ ಹಿಡಿದೆ.

ಎರಡು ದಿನ, ಅರ್ಧ ಗಂಟೆಗೊಮ್ಮೆ, ಸಾಲಾಗಿ ಬಂದ ಐದು ಪೊಟ್ಟಣಗಳನ್ನು ತೂಗಿ 25 ಗುಂಪುಗಳ ಲೆಕ್ಕ ಬರೆಯುವುದು, ಅಷ್ಟೂ ಹೊತ್ತು ತೂಕ ಹೆಚ್ಚುಕಡಿಮೆ ಮಾಡುವ ಯಂತ್ರದ ತಿರುಪನ್ನು ಯಾರೂ ಮುಟ್ಟದಿರುವುದು ಎಂದು ನಿರ್ಧರಿಸಿದೆವು. ಯಂತ್ರ ನಡೆಸುವ ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. "ತೂಕ ಕಮ್ಮಿ ಬಂದದ್ದು ಕಣ್ಣಿಗೆ ಕಾಣ್ತಿದ್ರೂ ಸುಮ್ನೆ ಕೂರಬೇಕೇನ್ರೀ ಸರ್?" ಎಂದು ಕೇಳಿದರು. ಅವರ ಕಾಳಜಿ ಪ್ರಾಮಾಣಿಕವಾದುದೇ. ಆದರೆ ಒಂದು ಪೊಟ್ಟಣ ಮೂರು ಗ್ರಾಂ ಕಡಿಮೆ ಬಂದಿದ್ದು ಬರಿಯ ಆಕಸ್ಮಿಕವಾಗಿದ್ದರೆ, ತಿರುಪನ್ನು ಮೂರು ಗ್ರಾಂ ಮೇಲಕ್ಕೆ ತಿರುಗಿಸಿದಾಗ ಹಳೆಯ ಆಕಸ್ಮಿಕ ಮುಂದಿನ ಪೊಟ್ಟಣದ ಆಕಸ್ಮಿಕಕ್ಕೆ ಸೇರಿಕೊಳ್ಳುತ್ತದೆ. ಹೀಗೆ ಪ್ರತಿ ಸಲವೂ ಸರಿದೂಗಿಸುತ್ತ ಹೋದರೆ ಮಾನಕ ವಿಚಲನೆಯ, ಅಂದರೆ ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ, ವರ್ಗ ಇಮ್ಮಡಿಯಾಗುತ್ತದೆ; ಹಾಗಾಗಿ ಆ ವಿಚಲನೆ 1.41 ಪಟ್ಟು ಹಿಗ್ಗುತ್ತದೆ. ನಮ್ಮ ಹಳೆಯ ದಾಖಲೆ ಪುಸ್ತಕದಲ್ಲಿ ಅದು 3.7 ಗ್ರಾಂ ಇತ್ತು. ತಿರುಪು ಮುಟ್ಟದ ಆ ಎರಡು ದಿನಗಳಲ್ಲಿ 2.6ಕ್ಕೆ ಇಳಿಯಿತು.

ಪ್ರತಿ ಗುಂಪಿನ ಸರಾಸರಿಯನ್ನು ಹಾಳೆಯ ಮೇಲೆ ಚುಕ್ಕೆಯಾಗಿ ಗುರುತಿಸಿ, ಬರಿಯ ಆಕಸ್ಮಿಕದಿಂದ ಚುಕ್ಕೆಗಳು ಸಾಮಾನ್ಯವಾಗಿ ದಾಟದ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಕೈಲೆಕ್ಕದಲ್ಲೇ ಕಂಡುಕೊಂಡೆ. ಎಲ್ಲ ಗುಂಪುಗಳ ಸರಾಸರಿ 506.1, ಗುಂಪಿನೊಳಗಿನ ವ್ಯಾಪ್ತಿಯ (ಅತಿ ಹೆಚ್ಚು ಮತ್ತು ಅತಿ ಕಡಿಮೆ ತೂಕಗಳ ಅಂತರದ) ಸರಾಸರಿ 6 ಗ್ರಾಂ. ಐದರ ಗುಂಪಿಗೆ ವ್ಯಾಪ್ತಿಯನ್ನು ಗುಣಿಸಬೇಕಾದ ಗುಣಕ 0.577; ಬಂದ ಗುಣಲಬ್ಧವನ್ನು ಸರಾಸರಿಯಿಂದ ಕಳೆದು, ಸರಾಸರಿಗೆ ಕೂಡಿಸಿದಾಗ ಮಿತಿಗಳು ಸುಮಾರು 502.6 ಮತ್ತು 509.6. ಅಮೆರಿಕದಲ್ಲಿ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ಈ ನಿಯಂತ್ರಣ ನಕ್ಷೆಗೆ ಇಂದಿಗೂ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಎರಡು ಚುಕ್ಕೆಗಳು ಕೆಳಮಿತಿಯಿಂದ ಆಚೆ ಬಿದ್ದವು: 500.8 ಮತ್ತು 501.4. ಒಂದು ಮೊದಲ ದಿನದ್ದು, ಇನ್ನೊಂದು ಮರುದಿನದ್ದು, ಎರಡೂ ಮಧ್ಯಾಹ್ನದ ಊಟದ ಹೊತ್ತಿನವು. ಮೂರನೆಯ ದಿನ ನಾನು ಊಟಕ್ಕೆ ಹೋಗದೆ ಅಲ್ಲೇ ನಿಂತು ನೋಡಿದೆ. ಚೀಲ ಸುರಿಯುವವರು ಊಟಕ್ಕೆ ಹೋದಾಗ ಯಂತ್ರಕ್ಕೆ ಹಿಟ್ಟು ಇಳಿಸುವ ತೊಟ್ಟಿಯಾದ ಹಾಪರ್‌ನಲ್ಲಿ ಹಿಟ್ಟು ತಳ ಕಾಣುವಷ್ಟು ಇಳಿಯುತ್ತಿತ್ತು. ಮೇಲಿನ ಭಾರ ಕಡಿಮೆಯಾದ ಹಿಟ್ಟು ಸಡಿಲವಾಗಿ ತುಂಬಿಕೊಳ್ಳುತ್ತಿತ್ತು. ತಿರುಪಿನಿಂದ ಸರಿಯಾಗುವ ದೋಷ ಇದಾಗಿರಲಿಲ್ಲ. ಹಾಪರ್‌ನ ಅರ್ಧಕ್ಕೆ ಕೆಂಪು ಗೆರೆ ಎಳೆದು, ಹಿಟ್ಟು ಅದಕ್ಕಿಂತ ಕೆಳಗಿಳಿಯದಂತೆ ಊಟಕ್ಕೆ ಸರದಿಯ ಮೇಲೆ ಹೋಗುವ ವ್ಯವಸ್ಥೆ ಮಾಡಿದೆವು. ಕಾರಣ ಸಿಕ್ಕ ಆ ಎರಡು ಗುಂಪುಗಳನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಿದಾಗ ಸರಾಸರಿ 506.5ಕ್ಕೆ ಏರಿತು.

ಪೊಟ್ಟಣ ಸರಕುಗಳ 2011ರ ನಿಯಮದಂತೆ 500 ಗ್ರಾಂ ಪೊಟ್ಟಣದಲ್ಲಿ 15 ಗ್ರಾಂವರೆಗಿನ ಕೊರತೆಗೆ ಅವಕಾಶವಿದೆ, ಆದರೆ ಸರಾಸರಿ ಮಾತ್ರ 500ಕ್ಕಿಂತ ಕಡಿಮೆಯಾಗಬಾರದು. ಹೀಗಾಗಿ ಯಂತ್ರವನ್ನು 503ಕ್ಕೆ ಇಳಿಸಿದೆವು. ಈಗ ಆ ಹಿರಿಯರೇ ಅರ್ಧ ಗಂಟೆಗೊಮ್ಮೆ ಚುಕ್ಕೆ ಇಡುತ್ತಾರೆ. ಚುಕ್ಕೆ ಮಿತಿ ದಾಟಿದರೆ ಮೊದಲು ಹಾಪರ್ ನೋಡಿ, ಆಮೇಲೆ ನನ್ನನ್ನು ಕರೆಯುತ್ತಾರೆ.